ತೂಗಿ ಕದ್ದ ಸರ

ನಾನು: ಮಾತಂದ್ರ ಮಾತು. ನಿನ್ನ ಕಾವಲಿನ್ಯಾಗ ಕಳುವಾಗೈತಿ, ತಿಜೋರಿ ಕೀಲಿಕೈ ಕೊಡು.

ತಿಪ್ಪೇರುದ್ರಮ್ಮ: ಕೊಡ್ತೀನಿ, ತಡೀರಿ. ಮೊದ್ಲು ಕಳ್ಳನ ಮಾರಿ ನೋಡೋಣು.

ಕೊಟ್ಟೂರಿನ ನಮ್ಮ ಬಂಗಾರದ ಅಂಗಡಿಯ ತಿಜೋರಿ ಕೀಲಿಕೈ ನನ್ನ ಹೆಂಡತಿಯ ಸೊಂಟ ಸೇರಿ ವರ್ಷವಾಯಿತು. ಅಂಗಡಿ ತೆರೆದಿಟ್ಟು ಮಿರ್ಚಿ ತಿನ್ನಲು ಹೋಗಿದ್ದೆನೆಂಬುದು ನನ್ನ ಮೇಲಿನ ಆರೋಪ. ಮಂಡಕ್ಕಿಯನ್ನೂ ತಿಂದಿದ್ದು ಅವಳಿಗಿನ್ನೂ ಗೊತ್ತಿಲ್ಲ. "ನಿನ್ನ ಕಾವಲಲ್ಲಿ ಕಳುವಾದರೆ ಕೀಲಿಕೈ ನನಗೆ" ಎಂದು ಪಂಥ ಕಟ್ಟಿದ್ದೆ. ಇವತ್ತು ಮಧ್ಯಾಹ್ನ ಒಂದು ಸರ ಹೋಗಿತ್ತು. ಈಗ ಇಬ್ಬರೂ ಕ್ಯಾಮರಾದ ಟಿವಿ ಮುಂದೆ ನಿಂತಿದ್ದೆವು. ಹಳೆಯ ಬೆಳ್ಳಿ ಉಡದಾರ ತೂಗಿಸಲು ಬಂದಿದ್ದ ಗುಡೇಕೋಟೆಯ ಕುರಿಗಾರ ಗಾದೆಪ್ಪನೂ ಸ್ಟೂಲು ಎಳೆದುಕೊಂಡ.

ನಾನು: ನೋಡು, ಟೋಪಿ, ಮಾರಿಗೆ ಟವಲ್ಲು! ನಿನ್ನೆ ನೋಡಿದ ಕಪ್ಪು-ಬಿಳುಪು ಸಿನಿಮಾದಾಗಿನ ಕಳ್ಳರಂಗ ಅದಾನ. ನೀನು ಒಳಗ ಮಲಗಿದ್ದಿ, ನಾನು ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಹೊತ್ತು ನೋಡಿ ಬಂದಾನ!

ತಿಪ್ಪೇರುದ್ರಮ್ಮ: ಸಿನಿಮಾದಾಗ ವಜ್ರ ಕದ್ದೋರು ಒಬ್ಬರೂ ಬಿಡದಂಗ ಸಿಕ್ಕಿಬಿದ್ರಲ್ರಿ?

ನಾನು: ಅವರವರ ಚಾಳಿಯಿಂದ ಸಿಕ್ಕರು. ಒಬ್ಬಾವ ಓಡೋ ಮುಂದ ಕನ್ನಡಿ ಕಂಡು ಕ್ರಾಪು ತೀಡಿಕೊಂಡ, ಸಿಕ್ಕ. ಇವ ಅಂಥ ದಡ್ಡ ಅಲ್ಲ.

ಗಾದೆಪ್ಪ: ಅಲ್ರೀ ಉಜ್ಜಿನಪ್ಪ ಸಾವ್ಕಾರ್ರ, ಕಳ್ಳ ಚಪ್ಲಿ ಹೊರಗ ಬಿಟ್ಟಾನಲ್ಲ!

ನಾನು: ಸಪ್ಪಳ ಆಗಬಾರ್ದಂತ.

ತಿಪ್ಪೇರುದ್ರಮ್ಮ: ಹೊಸ್ತಿಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ?

ನಾನು: ದೇವರ ಭಯ ಇರೋ ಕಳ್ಳ. ಒಳ್ಳೆ ಮನೆತನದಾವ ಇರಬೇಕು.

ಗಾದೆಪ್ಪ: ಸರಾ ಎತ್ತಿಕೊಂಡ... ಅಯ್ಯ ಶಿವನ, ತಕ್ಕಡಿ ಮ್ಯಾಲೆ ಯಾಕ ಇಟ್ಟ?

ಟಿವಿಯಲ್ಲಿ ಕಳ್ಳ ತಕ್ಕಡಿಯ ತಟ್ಟೆಗೆ ಉಫ್ ಎಂದು ಊದಿ, ಸೊನ್ನೆ ಬರುವ ತನಕ ಕಾದು, ಸರ ತೂಗಿ, ನಮ್ಮ ಅಂಗಡಿಯ ಹೆಸರಿದ್ದ ಡಬ್ಬಿಗೇ ಹಾಕಿಕೊಂಡು ಹೊರಟ. ನನಗೆ ಟವಲ್ಲಿಲ್ಲದೆಯೇ ಮುಖ ಬೆವರಿತು.

ಗಾದೆಪ್ಪ: ನಾನೂ ಭಾಳ ಕುರಿ ಕಳಕೊಂಡೀನ್ರಿ. ತೂಕ ಮಾಡಿ ಕದ್ದ ಕಳ್ಳನ್ನ ಇವತ್ತ ನೋಡಿದ್ದು. ನಿಮ್ಮಂಗ ಎಡಗಾಲು ಬ್ಯಾರೆ ಎಳೀತಾನ. ಕುರಿ ಆಗ್ಲಿ, ಸಾವ್ಕಾರ್ರ ಆಗ್ಲಿ, ನಡಿಗಿ ಮುಚ್ಚಿಡಾಕ ಆಗಂಗಿಲ್ಲ.

ತಿಪ್ಪೇರುದ್ರಮ್ಮ: ಸುಮ್ಕಿರು ಗಾದೆಪ್ಪ. ಪೊಲೀಸ್ರಿಗೆ ಫೋನ್ ಹಚ್ಚತೀನಿ.

ನಾನು: ಏ, ಬ್ಯಾಡ! ಆ ಕಳ್ಳ ನಾನ. ನಿನ್ನ ಕಾವಲು ಪರೀಕ್ಷೆ ಮಾಡಿದೆ, ಅಷ್ಟ. ತಗೋ ನಿನ್ನ ಸರಾ. ನಲವತ್ತು ಗ್ರಾಂ, ಒಂದು ಗುಲಗಂಜಿನೂ ಕಮ್ಮಿ ಇಲ್ಲ. ಅಪ್ಪಟ ಬಂಗಾರ!

ಜೇಬಿನಿಂದ ಡಬ್ಬಿ ತೆಗೆದಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಸೊಂಟದ ಕೀಲಿಕೈಯಿಂದ ತಿಜೋರಿ ತೆರೆದು, ಅಂಥದೇ ಇನ್ನೊಂದು ಸರ ತಂದು ಪಕ್ಕಕ್ಕಿಟ್ಟಳು.

ತಿಪ್ಪೇರುದ್ರಮ್ಮ: ಮಧ್ಯಾಹ್ನ ಅಡ್ಡಾಗೋ ಮುಂದ ಖರೇ ಮಾಲೆಲ್ಲಾ ತಿಜೋರಿಗೆ ಹಾಕತೀನ್ರಿ. ಗಾಜಿನ ಕಪಾಟಿನ್ಯಾಗ ಬಿಟ್ಟಿದ್ದು ಹಿತ್ತಾಳಿದು.

ಎರಡನ್ನೂ ಎತ್ತಿ ನೋಡಿದೆ. ಮೂವತ್ತು ವರ್ಷ ಐದು ತಾಲೂಕಿನ ಬಂಗಾರ ಒರೆ ಹಚ್ಚಿದ ಕೈ ಇದು.

ನಾನು: ಆತು, ಕೀಲಿಕೈ ನೀನ ಇಟ್ಕೊ. ನಾನು ಗಲ್ಲಾ ಮುಂದ ಕೂತು ವ್ಯಾಪಾರ ನೋಡ್ಕೊಂತೀನಿ.

ತಿಪ್ಪೇರುದ್ರಮ್ಮ: ಕಳ್ಳನ್ನ ಬೇಕಾದ್ರ ಮನಿಯಾಗ ಇಟ್ಕೊಂತೀನ್ರಿ. ಹಿತ್ತಾಳಿ ತೂಗಿ ಬಂಗಾರ ಅನ್ನೋರ್ನ ಗಲ್ಲಾ ಮುಂದ ಹೆಂಗ ಕೂಡಿಸ್ಲಿ?

ಗಾದೆಪ್ಪ ನನ್ನ ಮುಂದಿಟ್ಟಿದ್ದ ಉಡದಾರವನ್ನು ಮೆಲ್ಲಗೆ ಅವಳ ಕಡೆ ಸರಿಸಿದ.

ಗಾದೆಪ್ಪ: ಅಮ್ಮಾರ, ಇದು ಬೆಳ್ಳಿನ ಹೌದೋ ಅಲ್ಲೋ, ನೀವ ನೋಡ್ರಿ.