ಸಾಣಾಪುರದ ಸವಾಲು-ಜವಾಬು

ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಗೊತ್ತಿಲ್ಲದ್ದಕ್ಕೂ ತಲೆಯಾಡಿಸುವುದು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದ ಮೊದಲಿಗ ನಾನು. ಪರರ ಹೊಲದಲ್ಲಿ ಹತ್ತಿ ಬಿಡಿಸುತ್ತಲೇ ಬಿ.ಎ., ಬಿ.ಎಡ್. ಮುಗಿಸಿದವನು. ಅಷ್ಟು ಕಷ್ಟಪಟ್ಟ ಮೇಲೆ ‘ನನಗ ಗೊತ್ತಿಲ್ಲ’ ಅನ್ನಲು ನಾಲಿಗೆ ಏಳುವುದಿಲ್ಲ ನೋಡ್ರಿ.

ಗಂಗಾವತಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಬ್ಯಾಂಡ್ ಸಂಗೀತದ ಪಂಡಿತ ನಾನೇ. ಪಾಂಡಿತ್ಯವೆಲ್ಲ ಮೊಬೈಲಿನದು. ಸಾಣಾಪುರದ ಕೆರೆ ದಂಡೆಯಲ್ಲಿ ಶನಿವಾರ, ಭಾನುವಾರ ಬ್ಯಾಂಡುಗಳ ಹಬ್ಬ ಅಂದಾಗ ಗಣಿತದ ಹುಸೇನ್ ಸರ್ ನನ್ನನ್ನೇ ನಂಬಿ ಹೊರಟರು. ಹನುಮಸಾಗರದಿಂದ ಬಂದಿದ್ದ ಅಪ್ಪನೂ ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತ. ಒಂದು ಕಾಲಕ್ಕೆ ಗೀಗೀ ಮೇಳದಲ್ಲಿ ದಪ್ಪು ಬಾರಿಸಿದವನು, ಹಾಡು ಕೇಳಿದರೆ ಸುಮ್ಮನೆ ಕೂಡುವವನಲ್ಲ. ಹುಸೇನ್ ಸರ್ ಮುಂದೆ ನನ್ನ ಪಾಂಡಿತ್ಯದ ಮಾನ ಉಳಿಯಬೇಕಲ್ಲ? “ಅಪ್ಪಾ, ಅಲ್ಲಿ ಬಾಯಿ ಬಿಡಬ್ಯಾಡ” ಅಂದೆ.

ಮೊದಲು ಬಂದದ್ದು ಕರಿ ಅಂಗಿಯ ನಾಲ್ವರ ಬ್ಯಾಂಡು. ಆಹಾ! ಬೇಸ್ ಗಿಟಾರು ಕಿವಿಗಲ್ಲ, ನೇರ ಹೊಟ್ಟೆಗೇ ಕೇಳುತ್ತಿತ್ತು. ಡ್ರಮ್ಮಿನವನು ಜೋಳದ ತೆನೆ ಬಡಿದಂತೆ ಬಡಿಯುತ್ತಿದ್ದ. “ಇದಕ್ಕ ಫ್ಯೂಜನ್ ಅಂತಾರ್ರಿ ಸರ” ಎಂದು ನಾನು ಕಣ್ಣು ಮುಚ್ಚಿ ತಲೆಯಾಡಿಸಿದೆ. “ಬಡಿಯಾಂವ ಛಲೋ ಅದಾನ, ತೊಗಲು ಹರೀಲಿಲ್ಲಂದ್ರ ಸಾಕು” ಅಂದ ಅಪ್ಪ. ‘ಹರಿಯುವ ನೀರಿಗೆ ಮನೆಯೆಲ್ಲಿ?’ ಎಂದು ಮತ್ತೆ ಮತ್ತೆ ಕೇಳಿ ಅವರು ಇಳಿದುಹೋದರು.

ಎರಡನೆಯ ಬ್ಯಾಂಡಿನ ಹುಡುಗಿ ಬೆಳದಿಂಗಳ ಮೇಲೆ ಹಾಡಿದಳು. ಬೆಲ್ಲದಂಥ ಕಂಠ. ಹಾಡು ಮುಗಿದು ಎಲ್ಲ ತಣ್ಣಗಿರುವಾಗ ಅಪ್ಪ ಎದ್ದು ನಿಂತ.

“ಯವ್ವಾ, ಬೆಳದಿಂಗಳು ಇರ್ಲಿ. ಮೊದಲಿನ ಮೇಳದವರು ಸವಾಲ್ ಹಾಕಿ ಹೋಗ್ಯಾರ. ಅದರ ಜವಾಬ್ ಎಲ್ಲೈತಿ?”

ಗೀಗೀ ಪದದಲ್ಲಿ ಒಂದು ಮೇಳ ಹಾಡಿನಲ್ಲಿ ಪ್ರಶ್ನೆ ಹಾಕಿದರೆ ಎದುರು ಮೇಳ ಹಾಡಿನಲ್ಲೇ ಉತ್ತರ ಕೊಡಬೇಕು, ಕೊಡದಿದ್ದರೆ ಸೋತಂತೆ. ಅಪ್ಪನ ಲೆಕ್ಕದಲ್ಲಿ ಎರಡು ಮೇಳ ಬಂದ ಮೇಲೆ ಅದು ಪೈಪೋಟಿಯೇ. ಜನ ಹೋ ಎಂದು ನಕ್ಕರು. ನಾನು ಮೆಲ್ಲಗೆ ಹಿಂದೆ ಸರಿದು, ಶೇಂಗಾ ಮಾರುವವನ ಪಕ್ಕ ಯಾರೋ ಪರವೂರಿನವನಂತೆ ನಿಂತೆ.

ಆ ಹುಡುಗಿ ಮೈಕಿನಲ್ಲಿ, “ನಂಗೆ ಗೊತ್ತಿಲ್ಲ ತಾತ, ನೀವೇ ಹೇಳಿಕೊಡಿ” ಅಂದಳು. ಅಷ್ಟು ಜನರ ಮುಂದೆ, ಅಷ್ಟು ಸಲೀಸಾಗಿ!

ಅಪ್ಪ ವೇದಿಕೆ ಹತ್ತಿದ. ಡ್ರಮ್ಮಿನ ಮೇಲೆ ನಾಲ್ಕು ಪೆಟ್ಟು ಹಾಕಿ ದನಿ ಎತ್ತಿದ: “ಕುಡಿದವರ ಹೊಟ್ಟ್ಯಾಗ ಒಂದು ಮನಿ, ಬಿತ್ತಿದವರ ಹೊಲದಾಗ ಒಂದು ಮನಿ!” ಕರಿ ಅಂಗಿಯವರು ಗಿಟಾರು ಹಿಡಿದು ಓಡೋಡಿ ಬಂದರು, ಹೊಸ ಸವಾಲು ಹಾಕಿದರು. ಹುಡುಗಿ, ಅಪ್ಪ ಒಂದು ಕಡೆಯಾದರು. ಇಡೀ ದಂಡೆಯೇ ‘ಗೀಯ ಗೀಯ’ ಎಂದು ಸೊಲ್ಲು ಹಿಡಿಯಿತು. ಶೇಂಗಾದವನು ಬುಟ್ಟಿ ಇಳಿಸಿ ಕುಣಿದ.

“ತಾತನ್ನ ಕರ್ಕೊಂಡು ಬಂದೋರು ಯಾರು?” ಮೈಕು ಕೇಳಿತು.

ಎರಡೂ ಕೈ ಎತ್ತಿಕೊಂಡು ಓಡಿದೆ. “ನಾನ್ರೀ! ನಮ್ಮಪ್ಪರೀ!”

“ಈಗ ಗುರುತು ಹತ್ತಿತೇನ್ರಿ ಸರ?” ಅಂದರು ಹುಸೇನ್ ಸರ್.

ಭಾನುವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ರುಮಾಲು ಸುತ್ತಿ ಬೈಕಿನ ಪಕ್ಕ ನಿಂತಿದ್ದ. ಎರಡೂ ಬ್ಯಾಂಡಿನವರು ಬರಹೇಳಿದ್ದರಂತೆ.

“ನೀನೂ ಬರ್ತಿ ಅಂದ್ರ ಬಾ” ಅಂದ. “ಆದ್ರ ಅಲ್ಲಿ ಬಾಯಿ ಬಿಡಬ್ಯಾಡ.”

ನಾನು ತಲೆಯಾಡಿಸಿದೆ. ಈ ಸಲ ಗೊತ್ತಿದ್ದೇ ಆಡಿಸಿದೆ.