ಗೋಧಿಬಣ್ಣದ ನೆರಳು ಕಂಡುಬಾರದಿರುವ ಬಗ್ಗೆ

ಚಲನಚಿತ್ರ ಪ್ರದರ್ಶನ ಉಪಸಮಿತಿ
ಕೆರೆದಂಡೆ ಕನ್ನಡ ಮಕ್ಕಳ ಶಾಲೆ, ಪೋರೂರು, ಚೆನ್ನೈ

ಸುತ್ತೋಲೆ ಸಂಖ್ಯೆ: ಚಪ್ರಉ/ಮಸಿ/೦೭/೨೦೨೪-೨೫

ವಿಷಯ: ಹಳೆಯ ಚಿತ್ರದಲ್ಲಿ ಮಸಿ ಬಳಿದುಕೊಂಡು ಬರುವ ‘ಕಾಡುಜನ’ರನ್ನು ಚಿಕ್ಕ ಮಕ್ಕಳಿಗೆ ತೋರಿಸುವ ಕ್ರಮದ ಕುರಿತು.

ಉಲ್ಲೇಖ: ೧) ಶಾಲೆಯ ಆಯಾ ಪುಟ್ಟತಾಯಮ್ಮನವರು ಆಷಾಢದ ಕೊನೆಯ ಗುರುವಾರ, ತಟ್ಟೆ ತೊಳೆಯುತ್ತ, ಮೊದಲು ಹೇಳಿದ್ದು.
೨) ಅಡುಗೆಯ ಗೋದಾಬಾಯಿಯವರು ಅದೇ ಸಂಜೆ ಹೇಳಿದ ಪಾಠಾಂತರ.

ಉಲ್ಲೇಖ (೧)ರಂತೆ, ಶನಿವಾರ ತೋರಿಸಲಾದ ಚಿತ್ರದಲ್ಲಿ ಮೈಗೆಲ್ಲ ಮಸಿ ಬಳಿದ ನಟರು ಆಫ್ರಿಕಾದವರೆಂದು ಹೇಳಿಕೊಂಡು, ನಾಯಕನನ್ನು ಹಂಡೆಯಲ್ಲಿ ಬೇಯಿಸಲು ಕುಣಿದಿರುತ್ತಾರೆ. ಉಲ್ಲೇಖ (೨)ರಲ್ಲಿ ಅದು ಕೊಪ್ಪರಿಗೆ. ಅಡುಗೆಯವರ ಮಾತಾದ್ದರಿಂದ ಕೊಪ್ಪರಿಗೆಯನ್ನೇ ಅಂಗೀಕರಿಸಲಾಗಿದೆ. ಸೋಮವಾರ ಮಕ್ಕಳು ಅದೇ ಆಟವಾಡಿ, ಎರಡನೆಯ ತರಗತಿಯ ತೃಷಾಳಿಗೆ, ಮೈಬಣ್ಣ ಕಪ್ಪೆಂದು, “ನೀ ತಾನೇ ಕರುಪ್ಪು, ನೀನೇ ಕಾಡವಳು, ನಾವೆಲ್ಲ ಹೀರೋ” ಎಂದಿರುತ್ತಾರೆ. ಅಂದಿನಿಂದ ತೃಷಾ ಶಾಲೆಗೆ ಬಂದಿರುವುದಿಲ್ಲ. “ಕೂಸು ಬರಲ್ಲ ಅಂತ ಮನೇಲಿ ಅಡಂ ಹಿಡಿದು ಕೂತೈತೆ ಸಾರ್. ಮುಖಕ್ಕೆ ಮೆತ್ಕೊಂಡು ಮೆತ್ಕೊಂಡು ಪೌಡರ್ ಡಬ್ಬಾನೇ ಖಾಲಿ” ಎಂದು ಪುಟ್ಟತಾಯಮ್ಮನವರು ನುಡಿದಿದ್ದಾರೆ. ತಾಯಿ ಜಲಜಾ ಅವರು ವರ್ಗಾವಣೆ ಪತ್ರ ಕೇಳಿದ್ದಾರೆ.

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಸದರಿ ಚಿತ್ರವು ಕಪಾಟಿನಲ್ಲಿ ಇದ್ದೇ ಇರುವುದರಿಂದ ಅದನ್ನು ಮತ್ತೆ ತೋರಿಸುವುದು ಅನಿವಾರ್ಯ. ಪ್ರದರ್ಶನಕ್ಕೆ ಮುನ್ನ, ಮಸಿಯು ಮಸಿಯೇ ಹೊರತು ಮನುಷ್ಯರಲ್ಲವೆಂದು ಘೋಷಿಸತಕ್ಕದ್ದು.

೨. ಕುಣಿತ ಬಂದಾಗ ಪ್ರೊಜೆಕ್ಟರಿಗೆ ರಟ್ಟು ಅಡ್ಡ ಹಿಡಿಯತಕ್ಕದ್ದು. ಧ್ವನಿಗೆ ಬಣ್ಣವಿಲ್ಲದ ಕಾರಣ ಧ್ವನಿಯನ್ನು ಮುಂದುವರಿಸತಕ್ಕದ್ದು.

೩. ಬಿಡುವಿನಲ್ಲಿ ನರಭಕ್ಷಕರಾಗುವ ಸರದಿಯನ್ನು ಅಕಾರಾದಿಯಾಗಿ ಹಂಚತಕ್ಕದ್ದು. ಬೇಯಿಸಲ್ಪಡುವವರು ಪೋಷಕರ ಒಪ್ಪಿಗೆ ತರತಕ್ಕದ್ದು. ಸಸ್ಯಾಹಾರಿ ಮನೆಯ ಮಕ್ಕಳು ನಾಯಕನ ಬದಲು ಕೋಯಂಬೇಡು ಮಾರುಕಟ್ಟೆಯಿಂದ ತರಿಸಿದ ಕುಂಬಳಕಾಯಿಯನ್ನು ಬೇಯಿಸಬಹುದು. ಚಾತುರ್ಮಾಸ್ಯದ ಶಾಕವ್ರತದಲ್ಲಿ ತರಕಾರಿ ನಿಷಿದ್ಧವಾದ್ದರಿಂದ, ವ್ರತಸ್ಥ ಮನೆಗಳ ಮಕ್ಕಳು ಬರಿಯ ನೀರು ಕಾಯಿಸತಕ್ಕದ್ದು.

೪. ಆ ಕಾಲದ ತಪ್ಪನ್ನು ಈ ಕಾಲದ ಮಕ್ಕಳಿಗೆ ತಿಳಿಸಲು ವಿಮಾ ಇಲಾಖೆಯಿಂದ ನಿವೃತ್ತರಾದ ಸುಶಮೀಂದ್ರ ಅವರನ್ನು ವಿವರಣಾಧಿಕಾರಿಯಾಗಿ ನೇಮಿಸಲಾಗಿದೆ. ಪ್ರಾಯೋಗಿಕ ವಿವರಣೆಯಲ್ಲಿ ಅವರು ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ನಿಂತಾಗ, ಒಂದನೆಯ ತರಗತಿಯ ನಿಖಿತಾ “ಅಯ್ಯೋ ಸಾರ್, ನೀವು ಆ ಕಾಡು ಮಾಮಂಗಿಂತ ಕರುಪ್ಪು!” ಎಂದು ಪರದೆಯತ್ತ ಕೈ ತೋರಿದ್ದರಿಂದ ವಿವರಣೆಯನ್ನು ಮುಂದೂಡಲಾಗಿದೆ.

೫. ತಾವು ಗೋಧಿಬಣ್ಣದವರೆಂದು ಮದುವೆಯ ಕಾಲದಲ್ಲೇ ಉಭಯ ಕಡೆಯವರೂ ಒಪ್ಪಿದ್ದಾರೆಂದು ಸುಶಮೀಂದ್ರ ಅವರು ಆಕ್ಷೇಪಿಸಿದ ಮೇರೆಗೆ, ಸಮಿತಿಯ ಸರ್ವ ಸದಸ್ಯರನ್ನೂ ಬೆಳಕಿನಲ್ಲಿ ನಿಲ್ಲಿಸಿ ಪರಿಶೀಲಿಸಲಾಯಿತು. ಗೋಧಿಬಣ್ಣದ ನೆರಳು ಒಂದೂ ಕಂಡುಬಂದಿಲ್ಲ. ಅಧ್ಯಕ್ಷ ತಿರುಮಲ ಅವರು ಪೌಡರ್ ಹಚ್ಚಿಕೊಂಡು ಮತ್ತೆ ನಿಂತರೂ ಫಲಿತಾಂಶ ಬದಲಾಗಿಲ್ಲ. ಪ್ರೊಜೆಕ್ಟರನ್ನು ದುರಸ್ತಿಗಾಗಿ ಗಿಂಡಿ ಬಡಾವಣೆಯ ಅಂಗಡಿಗೆ ಕಳುಹಿಸಲಾಗಿದೆ.

೬. ಮೇಲಿನ ಕಲಂಗಳನ್ನು ತಾಯಿಯೊಡನೆ ಬಂದ ತೃಷಾಳಿಗೆ ಓದಿ ಹೇಳಿ ಸಮ್ಮತಿ ಕೇಳಲಾಯಿತು. ಆಕೆ ಚಿತ್ರದ ಕುರಿತು “ಆ ಪಡ ನಿಮಗೆ ಇಷ್ಟಾನಾ ಸಾರ್?” ಎಂದಳು. ಅಧ್ಯಕ್ಷರು ಇಲ್ಲವೆಂದರು, ಸುಶಮೀಂದ್ರರಿಗೆ ಇಷ್ಟವೆಂದು ಭಾವಿಸಿದ್ದಾಗಿ ತಿಳಿಸಿದರು. ಸುಶಮೀಂದ್ರರೂ ಇಲ್ಲವೆಂದರು, ಅಧ್ಯಕ್ಷರಿಗೆ ಇಷ್ಟವೆಂದು ಭಾವಿಸಿದ್ದರಂತೆ. “ಅಪ್ಪೊ ಯಾಕೆ ಹಾಕ್ತೀರಿ?” ಎಂಬ ಉಪಪ್ರಶ್ನೆಗೆ ಕಡತದಲ್ಲಿ ಉತ್ತರ ದೊರೆಯದ ಕಾರಣ, ಸದರಿ ಚಿತ್ರವನ್ನು ಇನ್ನು ತೋರಿಸತಕ್ಕದ್ದಲ್ಲ. ಕಲಂ ೧ರಿಂದ ೫ರವರೆಗಿನವು ಚಿತ್ರವಿಲ್ಲದೆಯೇ ಜಾರಿಯಲ್ಲಿರುತ್ತವೆ.

(ಸಹಿ)
ಸತ್ಯಾತ್ಮ
ಕಥಾಸಂಗ್ರಾಹಕ ಹಾಗೂ ಪ್ರಭಾರ ಕಾರ್ಯದರ್ಶಿ

ಪ್ರತಿಗಳು:
ಅ) ಕುಂಬಳಕಾಯಿ ವ್ಯಾಪಾರಿಗಳು, ಕೋಯಂಬೇಡು: ಸರಬರಾಜು ಮುಂದುವರಿಸುವ ಸಲುವಾಗಿ.
ಆ) ಕಪಾಟು: ಅಂಟಿಸಲು.
ಇ) ಸುತ್ತೋಲೆ ಕೇಳಲು ಸೇರಿದ್ದ ಸಭಿಕರು: ಓದಿ ಮುಗಿಸಿದೊಡನೆ ಎಲ್ಲರೂ ಎದ್ದು ಮನೆಗೆ ಹೋದ ಕಾರಣ ಪ್ರತಿಗಳು ಮೇಜಿನ ಮೇಲೆಯೇ ಇವೆ.
ಈ) ಕುಮಾರಿ ತೃಷಾ: ಈಕೆಯೂ ಹೋಗಿದ್ದಾಳೆ. ಶಾಲೆಯ ಚೀಲವನ್ನು ಮಾತ್ರ ಎರಡನೆಯ ತರಗತಿಯ ಮೊದಲ ಬೆಂಚಿನ ಮೇಲೆ ಬಿಟ್ಟಿದ್ದಾಳೆ. ನಾಳೆ ಬೆಳಗಿನವರೆಗೆ ಅದನ್ನು ಯಾರೂ ಸರಿಸತಕ್ಕದ್ದಲ್ಲ.