ಚಿಕ್ಕಮ್ಮನ ಕಾರು ನಿಲ್ಲಲು ಕಲಿತದ್ದು

ನಮ್ಮ ಚಿಕ್ಕಮ್ಮನಿಗೆ ಕಾರು ಓಡಿಸಲು ಬಹಳ ಚೆನ್ನಾಗಿ ಬರುತ್ತಿತ್ತು. ನಿಲ್ಲಿಸುವುದನ್ನು ಮಾತ್ರ ದೇವರಿಗೆ ಬಿಟ್ಟಿದ್ದಳು. ನಮ್ಮದು ಬುದ್ಧನ ಫೋಟೋ ಇರುವ ಮನೆ, ಮೇಲಾಗಿ ಚಿಕ್ಕಮ್ಮ ಬೇಲೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ದೇವರ ಜೊತೆ ಆಕೆಗೆ ಅಂಥ ವ್ಯವಹಾರವೇನೂ ಇರಲಿಲ್ಲ. ಹೀಗಾಗಿ ಆ ಕಾರು ನಿಲ್ಲುವುದು ಯಾರ ಜವಾಬ್ದಾರಿ ಎನ್ನುವುದು ಊರಿನಲ್ಲಿ ಬಹುಕಾಲ ಇತ್ಯರ್ಥವಾಗದೆ ಉಳಿದಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಬೇಲೂರಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿ, ಚಿಕ್ಕಮ್ಮನ ಮನೆಯಲ್ಲೇ ಉಳಿದುಕೊಂಡಿದ್ದೆ. ಕಾರು ಬಂದದ್ದು ನಾನು ಅಲ್ಲಿಗೆ ಹೋದ ವರ್ಷವೇ. ಅರೇಹಳ್ಳಿ ಕಡೆಯ ಕಾಫಿ ಪ್ಲಾಂಟರ್ ಒಬ್ಬರ ಮೊಮ್ಮಗಳು ಫಿಸಿಕ್ಸಿನಲ್ಲಿ ಪದೇಪದೇ ಫೇಲಾಗುತ್ತಿದ್ದವಳು ಚಿಕ್ಕಮ್ಮನ ಪಾಠದಿಂದ ಪಾಸಾಗಿಬಿಟ್ಟಳು. ಮುದುಕರಿಗೆ ಸಂತೋಷ ತಡೆಯಲಾಗಲಿಲ್ಲ. ಮನೆಗೆ ಕರೆಸಿ "ಏನು ಬೇಕೋ ಕೇಳಿ ಮೇಡಂ" ಅಂದರು. ಚಿಕ್ಕಮ್ಮ ಅಂಗಳದಾಚೆಯ ಶೆಡ್ಡಿನ ಕಡೆ ಕೈ ತೋರಿಸಿದಳು. ಅಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು.

"ಕೋಳೀನಾ? ಮರಿ ಆದ್ಮೇಲೆ ತಗೊಂಡ್ಹೋಗಿ."

"ಕೋಳಿ ಅಲ್ಲ ಸಾರ್. ಅದು ಕೂತಿದೆಯಲ್ಲ, ಅದು."

ಕೋಳಿ ಕೂತಿದ್ದದ್ದು ಒಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಡ್ರೈವರ್ ಸೀಟಿನ ಮೇಲೆ. ಉದ್ದ ಮೂತಿ, ಎರಡೇ ಸೀಟು, ತಲೆಯ ಮೇಲೆ ಆಕಾಶ. ಬಣ್ಣ ಹಸಿರೆಂದು ತೊಳೆದ ಮೇಲೆ ಗೊತ್ತಾಯಿತು. ನೆಲಕ್ಕೆ ಎಷ್ಟು ಹತ್ತಿರವಾಗಿತ್ತೆಂದರೆ, ರಸ್ತೆಯಲ್ಲಿ ಎದುರಾದ ಎಮ್ಮೆಗಳು ತಲೆ ಬಗ್ಗಿಸಿ ನಮ್ಮನ್ನು ನೋಡುತ್ತಿದ್ದವು. ಒಮ್ಮೆ ಸರ್ಕಾರಿ ಬಸ್ಸಿನ ಪಕ್ಕದಲ್ಲಿ ನಿಂತಾಗ ಕಂಡಕ್ಟರ್ ಕಿಟಕಿಯಿಂದ ಬಗ್ಗಿ, "ಏನ್ ಮೇಡಂ, ಚಪ್ಪಲಿ ಒಳಗೆ ಕೂತಿದೀರಾ?" ಎಂದು ವಿಚಾರಿಸಿದ್ದ.

ಓಡುವ ವಿಷಯದಲ್ಲಿ ಆ ಕಾರಿಗೆ ಹೆಸರಿಡುವ ಹಾಗಿರಲಿಲ್ಲ. ಆದರೆ ಮುಂದಿನ ಚಕ್ರಗಳ ಹಳೆಯ ಡ್ರಮ್ ಬ್ರೇಕು ಒತ್ತಿದರೆ ಮೊದಲು ಯೋಚನೆ ಮಾಡುತ್ತಿತ್ತು, ಆಮೇಲೆ ಎಡಕ್ಕೆ ಎಳೆಯುತ್ತಿತ್ತು. ಅಂಚೆ ಕಚೇರಿ ಮುಂದೆ ನಿಲ್ಲಬೇಕೆಂದು ಒತ್ತಿದರೆ ಪಕ್ಕದ ಟೈಲರ್ ಅಂಗಡಿಯ ಮೆಟ್ಟಿಲ ಬಳಿ ನಿಲ್ಲುತ್ತಿತ್ತು. ಟೈಲರ್ ಎದ್ದು ಬಂದು "ಬ್ಲೌಸಾ ಮೇಡಂ?" ಎನ್ನುತ್ತಿದ್ದ. ಸಂಕೋಚಕ್ಕೆ ಬಿದ್ದು ನಾನು ಆ ವರ್ಷ ಬೇಡದಿದ್ದರೂ ಬ್ಲೌಸುಗಳನ್ನು ಹೊಲಿಸಿದೆ! ಇನ್ನು ಮುಂದಿನ ಸಸ್ಪೆನ್ಷನ್, ಅಂದರೆ ಚಕ್ರದ ಮೇಲಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳು, ಸವೆದು ನಾಮಾವಶೇಷವಾಗಿದ್ದವು. ರಸ್ತೆಯ ಒಂದೊಂದು ಗುಂಡಿಯೂ ನೇರವಾಗಿ ನಮ್ಮ ಬೆನ್ನುಮೂಳೆಗೆ ಬಂದು ಹಾಜರಿ ಹಾಕುತ್ತಿತ್ತು. ನನ್ನ ಊಟದ ಡಬ್ಬಿಯಲ್ಲಿ ಮನೆಯಿಂದ ಹೊರಟ ಅನ್ನ ಮತ್ತು ಸಾರು ಶಾಲೆ ತಲುಪುವ ಹೊತ್ತಿಗೆ ಬಿಸಿಬೇಳೆ ಬಾತ್ ಆಗಿರುತ್ತಿತ್ತು.

ಈ ಕಾರಿಗೆ ಚಿಕ್ಕಪ್ಪ ಒಮ್ಮೆಯೂ ಹತ್ತಿರಲಿಲ್ಲ. ಕಾರಿಗೇನು, ಅವರು ಯಾವುದಕ್ಕೂ ಹತ್ತುತ್ತಿರಲಿಲ್ಲ. ಅರಸೀಕೆರೆಯಲ್ಲಿ ಗೂಡ್ಸ್ ರೈಲಿನ ಡ್ರೈವರಾಗಿದ್ದವರು ಅವಧಿಗೆ ಮುಂಚೆಯೇ ಕೆಲಸ ಬಿಟ್ಟು ಬೇಲೂರಿಗೆ ಬಂದಿದ್ದರು. ಅಂದಿನಿಂದ ಬಸ್ಸಿಲ್ಲ, ಆಟೋ ಇಲ್ಲ, ಎತ್ತಿನ ಗಾಡಿಯೂ ಇಲ್ಲ. ಎಲ್ಲಿಗೆ ಹೋಗಬೇಕಾದರೂ ಛತ್ರಿ ಹಿಡಿದು ನಡೆಯುವುದೇ. ಗೆಂಡೆಹಳ್ಳಿಯ ಒಂದು ಮದುವೆಗೆ ನಡೆದುಕೊಂಡೇ ಹೋದರು. ಅವರು ತಲುಪಿದಾಗ ಅಲ್ಲಿಯವರು ಚಪ್ಪರ ಬಿಚ್ಚುತ್ತಿದ್ದರು. ಮುಯ್ಯಿ ಕೊಟ್ಟು ಮತ್ತೆ ನಡೆದುಕೊಂಡೇ ಬಂದರು. "ರೈಲು ಓಡಿಸಿದೋರು ಆಟೋಗೆ ಹೆದರ್ತಾರಲ್ಲಪ್ಪ" ಎಂದು ನೆಂಟರೆಲ್ಲ ನಗುತ್ತಿದ್ದರು. ಚಿಕ್ಕಮ್ಮ ಮಾತ್ರ ಆ ಮಾತಿಗೆ ನಗುತ್ತಿರಲಿಲ್ಲ.

ಒಂದು ದಿನ ಯಗಚಿ ಹೊಳೆಯ ಕಡೆ ಇಳಿಯುವ ರಸ್ತೆಯಲ್ಲಿ ಕಾರು ಬ್ರೇಕನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎಡಗಡೆಯ ಹೊಲಕ್ಕೆ ಇಳಿದು, ಹುಲ್ಲಿನ ಮೆದೆಯೊಳಗೆ ಮೂತಿ ತೂರಿಸಿಕೊಂಡು ನಿಂತಿತು. ನನ್ನ ಬಾಯಿತುಂಬ ಹುಲ್ಲು. ಚಿಕ್ಕಮ್ಮ ಜಡೆಯಿಂದ ಹುಲ್ಲು ಕೀಳುತ್ತ, "ಒಂದಂತೂ ಗೊತ್ತಾಯ್ತು ಕಣೇ. ಹುಲ್ಲಿಗೆ ಘರ್ಷಣೆ ಚೆನ್ನಾಗಿದೆ" ಅಂದಳು. ಹೊಲದ ಯಜಮಾನ ಓಡಿ ಬಂದವನು ನಾವು ಬದುಕಿರುವುದನ್ನು ಖಾತ್ರಿ ಮಾಡಿಕೊಂಡು, "ನಾಳೀಕೂ ಬತ್ತೀರಾ ಅಮ್ಮಾರೇ? ಹಂಗಿದ್ರೆ ಮೆದೆ ಇಲ್ಲೇ ಒಟ್ತೀನಿ, ಇಲ್ಲಾಂದ್ರೆ ಆ ಕಡೀಕೆ ಹಾಕ್ಕತೀನಿ" ಅಂದ.

ಮನೆಗೆ ಬಂದು ಇದನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದೆ. ಚಿಕ್ಕಪ್ಪ ನಗಲಿಲ್ಲ. ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟರು. "ನಿಲ್ಲಲ್ಲ ಅಂದ್ರೆ ಓಡಿಸ್ಬಾರ್ದು ಕಣೇ" ಎಂದಷ್ಟೇ ಹೇಳಿ ಎದ್ದು ಹೋದರು.

ಮರುದಿನ ಚಿಕ್ಕಮ್ಮ ಕಾಲೇಜಿಗೆ ಹೋಗಿ, ಮುಂದಿನ ಸಸ್ಪೆನ್ಷನ್ ವಿಷಯದಲ್ಲಿ ಅರಸೀಕೆರೆಗೆ ಹೋಗಬೇಕು, ರಜೆ ಬೇಕು ಎಂದು ಗುಮಾಸ್ತರಿಗೆ ಹೇಳಿದಳು. ಸಂಜೆ ಹೊತ್ತಿಗೆ ಫಿಸಿಕ್ಸ್ ಮೇಡಂಗೆ ಸಸ್ಪೆನ್ಷನ್ ಆಗಿದೆಯಂತೆ ಎಂದು ಊರೆಲ್ಲ ಸುದ್ದಿ! ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ಬಾಳೆಹಣ್ಣು ಹಿಡಿದು ಸಮಾಧಾನ ಹೇಳಲು ಬಂದರು.

"ಹೋಗ್ಲಿ ಬಿಡಿ ಮೇಡಂ, ಎಲ್ಲಾ ಸರಿ ಹೋಗುತ್ತೆ. ನಮ್ಮ ಭಾವಂಗೂ ಆಗಿತ್ತು."

"ಹೌದಾ? ಅವರ್ದು ಮುಂದಿಂದೋ, ಹಿಂದಿಂದೋ?"

ಪುಟ್ಟಲಕ್ಷ್ಮಮ್ಮ ಬಾಳೆಹಣ್ಣು ಅಲ್ಲೇ ಇಟ್ಟು ಹೊರಟುಹೋದರು. ದುಃಖ ಮೇಡಂ ತಲೆಗೇರಿದೆ ಎಂದು ಮರುದಿನ ಇನ್ನೊಂದು ಸುದ್ದಿ ಹಬ್ಬಿತು.

ಅರಸೀಕೆರೆಯ ಮೆಕ್ಯಾನಿಕ್ ರಂಗಣ್ಣ ಚಿಕ್ಕಪ್ಪನ ಹಳೆಯ ಸ್ನೇಹಿತ. ತಾನು ಮುಟ್ಟಿದ ಗಾಡಿ ಕೆಟ್ಟ ದಾಖಲೆಯೇ ಇಲ್ಲವೆಂದು ಹೇಳಿಕೊಳ್ಳುವವನು, ಅದೂ ಕೆಟ್ಟು ನಿಂತ ಗಾಡಿಗಳ ನಡುವೆ ನಿಂತುಕೊಂಡು. ಕಾರನ್ನು ಒಂದು ಸುತ್ತು ಹಾಕಿ, "ಬ್ರೇಕ್ ಯಾಕಮ್ಮ ನಿಮ್ಗೆ? ಲಾರಿ ಹಾರನ್ ಹಾಕ್ಕೊಡ್ತೀನಿ. ಜನ ಅವರೇ ಸರ್ಕತಾರೆ" ಅಂದ.

ಚಿಕ್ಕಮ್ಮ ಸೀಮೆಸುಣ್ಣ ತೆಗೆದು ಗ್ಯಾರೇಜಿನ ನೆಲದ ಮೇಲೇ ಪಾಠ ಶುರು ಮಾಡಿದಳು. ಓಡುವ ಗಾಡಿಯನ್ನು ತಡೆದರೆ ಅದರ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಆದ್ದರಿಂದ ಮುಂದಿನ ಬ್ರೇಕೇ ಮುಖ್ಯ, ಅದಕ್ಕೆ ಹಳೆಯ ಡ್ರಮ್ಮಿನ ಬದಲು ಡಿಸ್ಕ್ ಬ್ರೇಕು ಬೇಕು, ಅದನ್ನು ಹೊರಲು ಮುಂದಿನ ಸಸ್ಪೆನ್ಷನ್ನೂ ಗಟ್ಟಿಯಾಗಬೇಕು. ರಂಗಣ್ಣ ಗಂಭೀರವಾಗಿ ಕೇಳಿಸಿಕೊಂಡು, "ಅದನ್ನೇ ನಾನೂ ಹೇಳ್ತಿದ್ದಿದ್ದು" ಅಂದ.

ಅದೇ ಕಂಪನಿಯ, ಸ್ವಲ್ಪ ಈಚಿನ ಕಾರೊಂದು ಬೆಂಗಳೂರಿನ ಗುಜರಿಯಲ್ಲಿ ಬಿದ್ದಿರುವುದನ್ನು ರಂಗಣ್ಣನೇ ಪತ್ತೆ ಮಾಡಿದ. ಅದರಿಂದ ಬಿಚ್ಚಿದ ಡಿಸ್ಕ್ ಮತ್ತಿತರ ಭಾರದ ಸಾಮಾನು ಲಾರಿಯಲ್ಲಿ ಬಂತು. ಎರಡು ಸ್ಪ್ರಿಂಗುಗಳನ್ನು ಮಾತ್ರ ಚಿಕ್ಕಮ್ಮ ಯಾರ ಕೈಗೂ ಕೊಡದೆ, ಹಳೆ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಪಕ್ಕದ ಸೀಟಿನ ಅಜ್ಜಿ ಇಣುಕಿ, "ಮಗೀನವ್ವಾ?" ಎಂದು ಕೇಳಿತಂತೆ. "ಅವಳಿ ಅಜ್ಜಿ. ಈಗಷ್ಟೇ ಮಲಗಿವೆ" ಅಂದಳಂತೆ ಚಿಕ್ಕಮ್ಮ. ಅಜ್ಜಿ ತಿಪಟೂರಿನಲ್ಲಿ ಇಳಿಯುವವರೆಗೂ ಪಿಸುಮಾತಿನಲ್ಲೇ ಮಾತಾಡಿತಂತೆ.

ಕೆಲಸ ಮುಗಿದು ಕಾರು ಮನೆಗೆ ಬಂದ ದಿನ ಪುಟ್ಟಲಕ್ಷ್ಮಮ್ಮ ನಿಂಬೆಹಣ್ಣು ತಂದು ಮುಂದಿನ ಚಕ್ರದ ಕೆಳಗಿಡಲು ಬಂದರು.

"ಚಕ್ರದ ಕೆಳಗೆ ಬೇಡಿ. ಅಗೋ, ಆ ಕಂಬದ ಹತ್ರ ರಸ್ತೆ ಮೇಲೆ ಇಡಿ" ಅಂದಳು ಚಿಕ್ಕಮ್ಮ.

"ಅಲ್ಲೀವರ್ಗೂ ಬಂದು ತುಳಿಸ್ತೀರಾ?"

"ತುಳಿಸೋದಾ? ನಿಂಬೆಹಣ್ಣು ಉಳೀಬೇಕು ಕಣ್ರೀ. ಉಳಿದ್ರೆ ತಾನೇ ಬ್ರೇಕು?"

ಬೀದಿಯ ಆ ತುದಿಯಿಂದ ಕಾರು ಹಾರಿ ಬಂತು. ಎಲ್ಲರೂ ಜಗಲಿ ಏರಿದರು. ಬ್ರೇಕು ಬಿತ್ತು, ಮೂತಿ ಸ್ವಲ್ಪ ಬಗ್ಗಿತು, ಕಾರು ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ ಇದ್ದಲ್ಲೇ ನಿಂತುಬಿಟ್ಟಿತು. ನಿಂಬೆಹಣ್ಣಿಗೆ ಏನೂ ಆಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ನಿಧಾನವಾಗಿ ಇಳಿದು ಬಂದು, ಬಗ್ಗಿ, ಟೈರಿಗೂ ನಿಂಬೆಹಣ್ಣಿಗೂ ನಡುವೆ ಬೆರಳು ತೂರಿಸಿ ನೋಡಿದರು. ಆಮೇಲೆ ಕೇಳಿದರು:

"ಮಳೇಲಿ?"

ಚಿಕ್ಕಮ್ಮ ನನಗೆ ಬಿಂದಿಗೆ ತರಲು ಹೇಳಿದಳು. ಬೀದಿಗೆಲ್ಲ ನೀರು ಸುರಿದೆ. ಕಾರು ಬಂತು, ನಿಂತಿತು. ಚಿಕ್ಕಪ್ಪ ಮತ್ತೆ ಬೆರಳಿಟ್ಟು ನೋಡಿದರು.

"ಇಳಿಜಾರಲ್ಲಿ?"

"ಅದನ್ನ ನೀವೇ ಬಂದು ನೋಡ್ಬೇಕು" ಅಂದಳು ಚಿಕ್ಕಮ್ಮ. ಚಿಕ್ಕಪ್ಪ ಒಳಗೆ ಹೋದರು. ಆ ಸಂಜೆ ನಿಂಬೆಹಣ್ಣನ್ನು ಪಾನಕ ಮಾಡಿ ಕುಡಿದೆವು. ಲೋಟ ತೊಳೆಯುತ್ತ ನಿಂತಿದ್ದಾಗ ಚಿಕ್ಕಮ್ಮ ನನಗೆ ಚಿಕ್ಕಪ್ಪ ರೈಲು ಬಿಟ್ಟ ಕಾರಣ ಹೇಳಿದಳು.

ಚಿಕ್ಕಪ್ಪ ಓಡಿಸುತ್ತಿದ್ದ ಗೂಡ್ಸ್ ಒಂದು ತಿರುವು ದಾಟಿದಾಗ, ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಹಳಿ ದಾಟುತ್ತಿದ್ದಳಂತೆ. ಚಿಕ್ಕಪ್ಪ ಇದ್ದಬದ್ದ ಬ್ರೇಕನ್ನೆಲ್ಲ ಹಾಕಿದರು. ಆದರೆ ತುಂಬಿದ ಗೂಡ್ಸ್ ರೈಲು ಹಾಕಿದಲ್ಲಿ ನಿಲ್ಲುವುದಿಲ್ಲ. ನಿಲ್ಲು, ನಿಲ್ಲು ಎನ್ನುತ್ತಿದ್ದ ಹಾಗೇ ಅದು ಹೋಗುತ್ತಲೇ ಇತ್ತು. ವಿಚಾರಣೆಯಲ್ಲಿ ಅವರದು ಏನೂ ತಪ್ಪಿಲ್ಲ ಎಂದಾಯಿತು. ಎಲ್ಲರೂ ಹಾಗೇ ಹೇಳಿದರು. ಇಂಜಿನ್ನಿನಿಂದ ಕೆಳಗಿಳಿದವರು ಮತ್ತೆ ಯಾವುದಕ್ಕೂ ಹತ್ತಲಿಲ್ಲ.

"ನಿದ್ದೇಲಿ ಈಗ್ಲೂ ಕೈ ಚಾಚಿ ಬ್ರೇಕ್ ಹಾಕ್ತಾರೆ ಕಣೇ" ಅಂದಳು ಚಿಕ್ಕಮ್ಮ, ನಲ್ಲಿಯ ಕಡೆ ನೋಡುತ್ತ.

ಮುಂದಿನ ಭಾನುವಾರ ಚಿಕ್ಕಪ್ಪ, "ಇಳಿಜಾರು ನೋಡೋಕೆ ನಾನು ನಡ್ಕೊಂಡ್ ಬರ್ತೀನಿ" ಎಂದು ಬೆಳಗ್ಗೆಯೇ ಛತ್ರಿ ಹಿಡಿದು ಹಳೇಬೀಡಿನ ಕಡೆಗೆ ನಡೆದು ಹೊರಟರು. ಬಿಸಿಲೇರಿದ ಮೇಲೆ ನಾನೂ ಚಿಕ್ಕಮ್ಮನೂ ಕಾರಿನಲ್ಲಿ ಹೋಗಿ ಅವರನ್ನು ಹಿಡಿದೆವು. ಅಲ್ಲಿಂದ ಮುಂದಕ್ಕೆ ಅವರು ನಡೆಯುವುದು, ಪಕ್ಕದಲ್ಲಿ ಸ್ಪೋರ್ಟ್ಸ್ ಕಾರು ಅವರ ಹೆಜ್ಜೆಗೆ ಸರಿಯಾಗಿ ತೆವಳುವುದು. ಕುರಿ ಕಾಯುವವನೊಬ್ಬ, "ಹೆಂಡ್ತಿ ಕೂಡೆ ಜಗಳ ಆಡವ್ರೆ ಕಣ್ಲಾ" ಎಂದು ಜೊತೆಯವನಿಗೆ ವಿವರಿಸುತ್ತಿದ್ದ.

ಹಳೇಬೀಡಿನ ಕೆರೆಯ ಆಚೆಗೆ, ಗಾಡಿ ಓಡಾಡದ ಒಂದು ಅಡ್ಡರಸ್ತೆ. ಸಣ್ಣ ಇಳಿಜಾರು, ಎರಡೂ ಕಡೆ ರಾಗಿ ಹೊಲ. ಚಿಕ್ಕಮ್ಮ ಇಂಜಿನ್ ಆರಿಸಿ ಕೆಳಗಿಳಿದಳು.

"ಬನ್ನಿ. ಓಡಿಸೋದು ಬೇಡ ನೀವು. ನಿಲ್ಸಿ ಸಾಕು."

ಚಿಕ್ಕಪ್ಪ ಛತ್ರಿ ಮಡಚಿದರು. ಮತ್ತೆ ಬಿಚ್ಚಿದರು. ಮತ್ತೆ ಮಡಚಿ ನನ್ನ ಕೈಗೆ ಕೊಟ್ಟು ಡ್ರೈವರ್ ಸೀಟಿನಲ್ಲಿ ಕೂತರು. ಚಿಕ್ಕಮ್ಮ ಪಕ್ಕದಲ್ಲಿ ಕೂತಳು. ನಾನು ಹಿಂದಿನಿಂದ ತಳ್ಳಿದೆ. ಕಾರು ಇಳಿಜಾರಿನಲ್ಲಿ ಉರುಳಿತು, ವೇಗ ಹಿಡಿಯಿತು. ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಚಿಕ್ಕಪ್ಪನ ಬಿಗಿದ ಹೆಗಲು ಮಾತ್ರ. ಒತ್ತಿದರು. ಕಾರು ನಿಂತಿತು.

ಚಿಕ್ಕಪ್ಪ ಬ್ರೇಕಿನ ಮೇಲಿಂದ ಕಾಲು ತೆಗೆದಿರಲಿಲ್ಲ.

"ನಿಂತಿದೆ ರೀ" ಅಂದಳು ಚಿಕ್ಕಮ್ಮ.

"ಇನ್ನೊಂದ್ ಸಲ" ಅಂದರು ಚಿಕ್ಕಪ್ಪ.

ನಾನೂ ಚಿಕ್ಕಮ್ಮನೂ ಕಾರನ್ನು ಮೇಲಕ್ಕೆ ತಳ್ಳಿದೆವು. ಮತ್ತೆ ಉರುಳಿತು, ಮತ್ತೆ ನಿಂತಿತು. ಇನ್ನೊಂದು ಸಲ. ಮತ್ತೂ ಒಂದು ಸಲ. ನನ್ನ ತೋಳು ಬಿದ್ದುಹೋಗುವ ಹಾಗಾದಾಗ ಹೊಲದಂಚಿನಲ್ಲಿ ಕುರಿ ಕಾಯುತ್ತಿದ್ದವರೂ ಬಂದು ಕೈ ಕೊಟ್ಟರು, ಯಾಕೆಂದು ಕೇಳದೆ. ಕೊನೆಗೊಮ್ಮೆ ಕಾರು ನಿಂತಾಗ ಚಿಕ್ಕಪ್ಪ ಸ್ಟೇರಿಂಗಿನ ಮೇಲೆ ಹಣೆ ಇಟ್ಟರು. ಚಿಕ್ಕಮ್ಮ ಅವರ ಬೆನ್ನ ಮೇಲೆ ಕೈಯಿಟ್ಟು ಕೂತಳು. ಕುರಿ ಕಾಯುವವರು ಮೆಲ್ಲಗೆ ತಮ್ಮ ಕುರಿಗಳ ಕಡೆ ಹೋದರು.

ಸ್ವಲ್ಪ ಹೊತ್ತಿನ ಮೇಲೆ ನಾನು ಮತ್ತೆ ತಳ್ಳಲು ಹೋದೆ.

"ಸಾಕು ಬಿಡು ಮಗಾ, ದಣಿದಿದೀಯ" ಅಂದರು ಚಿಕ್ಕಪ್ಪ. ಮುಖ ಒರೆಸಿಕೊಂಡು ಕೆಳಗಿಳಿದರು. ಕಾರನ್ನು ಒಂದು ಸುತ್ತು ಬಳಸಿ ಬಂದು ಚಿಕ್ಕಮ್ಮ ಕೂತಿದ್ದ ಕಡೆಯ ಬಾಗಿಲು ತೆರೆದು, "ನೀನು ಆ ಕಡೆ ಹೋಗಿ ಓಡ್ಸು. ಮನೆಗೆ ಹೋಗೋಣ. ಹೊಟ್ಟೆ ಹಸೀತಿದೆ" ಎಂದು ಚಿಕ್ಕಮ್ಮನಿಗೆ ಹೇಳಿದರು.

ಎರಡೇ ಸೀಟಿನ ಕಾರು. ಅವರಿಬ್ಬರೂ ಹೊರಟುಹೋದರು. ನಾನು ಛತ್ರಿ ಹಿಡಿದು ಹಳೇಬೀಡಿನ ಬಸ್ ಸ್ಟ್ಯಾಂಡಿನವರೆಗೆ ನಡೆದು, ಬೇಲೂರಿನ ಬಸ್ಸಿಗೆ ಕಾಯುತ್ತ ಕೂತೆ. ಬಸ್ಸು ತಡವಾಗಿ ಬಂತು. ಬರದಿದ್ದರೂ ಆ ದಿನ ನನಗೆ ಬೇಜಾರಾಗುತ್ತಿರಲಿಲ್ಲ.